ಕ್ರೂಸ್ ಹಡಗಿನಲ್ಲಿ ಟಿಪ್ಸ್ ಯಾರಿಗೆ, ಎಷ್ಟು, ಯಾವಾಗ: ಕರಾವಳಿಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಿಂದ ರೈಲಿನಲ್ಲಿ ಮುಂಬೈಗೋ ಕೊಚ್ಚಿಗೋ ಹೋಗಿ, ಇಲ್ಲವೇ ವಿಮಾನದಲ್ಲಿ ದುಬೈ, ಸಿಂಗಾಪುರ ತಲುಪಿ ಅಲ್ಲಿಂದ ಕ್ರೂಸ್ ಹಡಗು ಹತ್ತುವ ಕುಟುಂಬಗಳು ಹೆಚ್ಚಾದಂತೆ, ಮರಳಿ ಬಂದವರು ನನ್ನ ಮುಂದೆ ಹರಡುವ ಬಿಲ್ಲುಗಳೂ ಹೆಚ್ಚಾಗಿವೆ. ಬಹುಕಾಲ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನೆಂಬ ಒಂದೇ ಕಾರಣಕ್ಕೆ ನೆಂಟರೂ ನೆರೆಯವರೂ ಇದನ್ನೊಮ್ಮೆ ನೋಡಿ ಎಂದು ಕಾಗದ ಹಿಡಿದು ಬರುತ್ತಾರೆ. ಹಡಗುಗಳು ಬೇರೆ, ಬಂದರುಗಳು ಬೇರೆ, ಆದರೆ ಎಡವಟ್ಟು ಮಾತ್ರ ಬಹುತೇಕ ಒಂದೇ ಆಗಿರುತ್ತದೆ: ಬಿಲ್ಲು ಓದುವ ಮೊದಲೇ ಪರ್ಸು ತೆರೆದಿರುತ್ತಾರೆ. ಕೆಲವರು ಈಗಾಗಲೇ ವಸೂಲಾಗಿರುವ ಟಿಪ್ಸನ್ನು ಮತ್ತೊಮ್ಮೆ ಕೈಯಾರೆ ಕೊಟ್ಟಿರುತ್ತಾರೆ. ಕೊನೆಯ ದಿನ ಅದು ತಿಳಿದಾಗ ಸಿಟ್ಟಿಗೆದ್ದು ಕೌಂಟರಿನಲ್ಲಿ ಜಗಳವಾಡಿ, ನಾಲ್ಕು ದಿನ ಕೋಣೆ ಗುಡಿಸಿದವನಿಗೆ ಏನೂ ಕೊಡದೆ ಇಳಿದು ಬಂದವರೂ ಇದ್ದಾರೆ.

ಊರಿನ ಹೋಟೆಲಿನಲ್ಲಿ ಸೋಂಪಿನ ತಟ್ಟೆಯೊಳಗೆ ಹತ್ತು ರೂಪಾಯಿ ಬಿಟ್ಟು ಏಳುವ ರೂಢಿಯನ್ನು ಹಡಗಿಗೆ ಹಾಗೆಯೇ ಒಯ್ಯಲು ಬರುವುದಿಲ್ಲ, ಏಕೆಂದರೆ ಅಲ್ಲಿ ಟಿಪ್ಸಿನ ಬಹುಪಾಲು ಕೈಯಿಂದ ಕೈಗೆ ಹೋಗದೆ ನಿಮ್ಮ ಲೆಕ್ಕದಿಂದ ತಾನಾಗಿಯೇ ಕಡಿತವಾಗುತ್ತದೆ. ಆದ್ದರಿಂದ ಎಷ್ಟು ಕೊಡಬೇಕೆಂಬ ಪ್ರಶ್ನೆ ಎರಡನೆಯದು. ಎಷ್ಟು ಈಗಾಗಲೇ ಕೊಟ್ಟಾಗಿದೆ ಎಂಬುದು ಮೊದಲನೆಯದು. ಮುಂದಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಬೇಕು.

ಮೊದಲು ಜೋಡಿಸಿಕೊಳ್ಳಬೇಕಾದವು

ಟಿಕೆಟ್ ಕಾಯ್ದಿರಿಸಿದಾಗ ಕೊಟ್ಟ ಪೂರ್ಣ ಬಿಲ್ಲಿನ ಮುದ್ರಿತ ಪ್ರತಿ (ಏಜೆಂಟರು ವಾಟ್ಸಾಪ್‌ನಲ್ಲಿ ಕಳುಹಿಸಿದ ಚಿತ್ರವಲ್ಲ), ಹೊರದೇಶದ ವ್ಯವಹಾರಕ್ಕೆ ತೆರೆದಿರುವ ಒಂದು ಕ್ರೆಡಿಟ್ ಕಾರ್ಡ್, ಹಡಗಿನ ಚಲಾವಣೆಯ ಹಣದಲ್ಲಿ ಸಣ್ಣ ಮೊತ್ತದ ಒಂದಿಷ್ಟು ನೋಟುಗಳು, ಏಳೆಂಟು ಖಾಲಿ ಲಕೋಟೆ, ಒಂದು ಪೆನ್ನು, ಒಂದು ಸಣ್ಣ ಪುಸ್ತಕ. ಮದುವೆಗೆ ಉಡುಗೊರೆ ಕೊಡಲು ತಂದಿಟ್ಟ ಲಕೋಟೆಗಳಲ್ಲಿ ಉಳಿದಿದ್ದರೆ ಅವೇ ಸಾಕು, ಆದರೆ ಅಂಟಿಸಿರುವ ಒಂದು ರೂಪಾಯಿ ನಾಣ್ಯವನ್ನು ಕಿತ್ತು ಇಟ್ಟುಕೊಳ್ಳಿ. ಹಡಗಿನಲ್ಲಿ ದುಡಿಯುವ ಫಿಲಿಪ್ಪೀನ್ಸಿನ ಹುಡುಗನಿಗೆ ಅದರ ಶುಭ ಅರ್ಥವಾಗುವುದಿಲ್ಲ.

ಹಂತ 1: ಬಿಲ್ಲಿನಲ್ಲಿ ‘ಗ್ರ್ಯಾಚುಯಿಟಿ’ ಎಂಬ ಸಾಲನ್ನು ಹುಡುಕಿ

ಅರ್ಧ ಗೊಂದಲ ಈ ಒಂದು ಪದದಿಂದಲೇ ಹುಟ್ಟುತ್ತದೆ. ನಮ್ಮಲ್ಲಿ ಗ್ರ್ಯಾಚುಯಿಟಿ ಎಂದರೆ ನಿವೃತ್ತಿಯ ಸಮಯದಲ್ಲಿ ಕೈಗೆ ಬರುವ ಹಣ. ಬ್ಯಾಂಕುಗಳ ತವರೆನಿಸಿದ ಈ ಜಿಲ್ಲೆಗಳಲ್ಲಿ ಆ ಪದ ಕೇಳದ ಮನೆಯಿಲ್ಲ. ಹಡಗಿನ ಬಿಲ್ಲಿನಲ್ಲಿ ಅದೇ ಪದ ಟಿಪ್ಸ್ ಎಂಬ ಅರ್ಥದಲ್ಲಿ ಬರುತ್ತದೆ. ನೌಕರರ ನಿವೃತ್ತಿಯ ಹಣವನ್ನು ನಾವೇಕೆ ಕಟ್ಟಬೇಕು ಎಂದು ಕೌಂಟರಿನಲ್ಲಿ ವಾದಿಸಿ ಬಂದ ನಿವೃತ್ತ ಸಹೋದ್ಯೋಗಿಯೊಬ್ಬರು ನನಗೆ ಗೊತ್ತು. ಕೆಲವು ಕಂಪನಿಗಳು ಇದನ್ನೇ ಸರ್ವಿಸ್ ಚಾರ್ಜ್, ಕ್ರೂ ಅಪ್ರಿಸಿಯೇಷನ್ ಅಥವಾ ಹೋಟೆಲ್ ಸರ್ವಿಸ್ ಚಾರ್ಜ್ ಎಂದು ಬರೆಯುತ್ತವೆ. ಹೆಸರು ಯಾವುದೇ ಇರಲಿ, ಒಬ್ಬರಿಗೆ ದಿನಕ್ಕೆ ಇಂತಿಷ್ಟು ಎಂಬ ಲೆಕ್ಕದಲ್ಲಿದ್ದರೆ ಅದು ಟಿಪ್ಸೇ. ಬಂದರು ಶುಲ್ಕ, ತೆರಿಗೆ, ಜಿಎಸ್‌ಟಿ ಇವು ಬೇರೆ. ಅವುಗಳಲ್ಲಿ ಒಂದು ಪೈಸೆಯೂ ವೇಟರಿಗೆ ಹೋಗುವುದಿಲ್ಲ.

ಸಾಲು ಸಿಕ್ಕಿದ ಮೇಲೆ, ನಿಮ್ಮ ಹಡಗು ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಗುರುತಿಸಿಕೊಳ್ಳಿ. ಟಿಕೆಟಿನ ದರದಲ್ಲೇ ಟಿಪ್ಸ್ ಸೇರಿರುವುದು ಒಂದನೆಯ ಬಗೆ. ರೀಜೆಂಟ್ ಸೆವೆನ್ ಸೀಸ್, ಸೀಬೋರ್ನ್, ಸಿಲ್ವರ್‌ಸೀಯಂಥ ದುಬಾರಿ ಹಡಗುಗಳದು ಈ ಪದ್ಧತಿ. ಪ್ರಯಾಣಕ್ಕೆ ಮುನ್ನವೇ ಟಿಪ್ಸ್ ಹಣವನ್ನು ಪ್ರತ್ಯೇಕ ಸಾಲಿನಲ್ಲಿ ಕಟ್ಟಿಸಿಕೊಳ್ಳುವುದು ಎರಡನೆಯದು, ಇದನ್ನು ‘ಪ್ರೀಪೇಯ್ಡ್’ ಎನ್ನುತ್ತಾರೆ. ಹಡಗು ಹತ್ತಿದ ಮೇಲೆ ದಿನಕ್ಕೊಮ್ಮೆ ನಿಮ್ಮ ಲೆಕ್ಕಕ್ಕೆ ತಾನಾಗಿ ಏರುವುದು ಮೂರನೆಯದು. ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೇಜಿಯನ್ ಮುಂತಾದ ದೊಡ್ಡ ಕಂಪನಿಗಳಲ್ಲಿ ಮೊದಲೇ ಕಟ್ಟದವರಿಗೆ ಹೀಗೆಯೇ ಆಗುತ್ತದೆ. ಏಜೆಂಟರು ಬಾಯಿಮಾತಿನಲ್ಲಿ ಎಲ್ಲಾ ಸೇರಿದೆ ಎಂದರೆ ನಂಬಬೇಡಿ. ಅವರ ದೃಷ್ಟಿಯಲ್ಲಿ ಎಲ್ಲಾ ಎಂದರೆ ಊಟ, ಕೋಣೆ, ತೆರಿಗೆ ಮಾತ್ರ; ಟಿಪ್ಸ್ ಅದರಲ್ಲಿಲ್ಲ. ಬಿಲ್ಲಿನಲ್ಲಿ ಆ ಸಾಲು ಕಾಣದಿದ್ದರೆ ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನೇ ಇಟ್ಟುಕೊಳ್ಳಿ.

ಹಂತ 2: ಒಟ್ಟು ಮೊತ್ತವನ್ನು ಮನೆಯಲ್ಲೇ ಲೆಕ್ಕ ಹಾಕಿ

ಅಮೆರಿಕ ಮೂಲದ ದೊಡ್ಡ ಕಂಪನಿಗಳಲ್ಲಿ ಸಾಧಾರಣ ಕೋಣೆಗೆ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಸ್ವೀಟ್ ಎನ್ನುವ ದೊಡ್ಡ, ದುಬಾರಿ ಕೋಣೆಯವರಿಗೆ ಅದಕ್ಕಿಂತ ಒಂದೆರಡು ಡಾಲರಿನಿಂದ ಐದಾರು ಡಾಲರ್ ಹೆಚ್ಚು. ಈ ದರ ಆಗಾಗ ಏರುವುದರಿಂದ ನಿಮ್ಮ ಪ್ರಯಾಣದ ದಿನಾಂಕಕ್ಕೆ ಅನ್ವಯಿಸುವ ದರವನ್ನೇ ಕಂಪನಿಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ನಮ್ಮವರು ಸೋಲುವುದು ದರದಲ್ಲಲ್ಲ, ಗುಣಾಕಾರದಲ್ಲಿ. ದಿನಕ್ಕೆ 18 ಡಾಲರ್ ಎಂದು ಓದಿದಾಗ ಅದು ಕೋಣೆಗೆ ಎಂದು ತಿಳಿಯುತ್ತಾರೆ; ಅದು ತಲೆಗೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ನಾಲ್ಕು ರಾತ್ರಿ ಇದ್ದರೆ 4 × 4 × 18, ಅಂದರೆ 288 ಡಾಲರ್. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ ₹25,920. ಅಜ್ಜ, ಅಜ್ಜಿ, ಅತ್ತೆ, ಮಾವ ಎಲ್ಲರೂ ಸೇರಿ ಹನ್ನೆರಡು ಮಂದಿ ಮೂರು ರಾತ್ರಿಗೆ ಹೊರಟರೆ 648 ಡಾಲರ್. ಈ ಅಂಕಿಯನ್ನು ಮುಂಚಿತವಾಗಿ ನೋಡಿದವರು ಕೊನೆಯ ದಿನ ಬೆಚ್ಚಿಬೀಳುವುದಿಲ್ಲ.

ಮಕ್ಕಳಿಗೂ ಪೂರ್ತಿ ದರವೇ ಎಂಬುದು ಹೆಚ್ಚಿನ ಕಡೆಯ ನಿಯಮ. ಎರಡು ಅಥವಾ ಮೂರು ವರ್ಷದೊಳಗಿನ ಕೂಸುಗಳಿಗೆ ಕೆಲವರು ವಿನಾಯಿತಿ ಕೊಡುತ್ತಾರೆ. ಲೆಕ್ಕ ರಾತ್ರಿಗಳದೋ ದಿನಗಳದೋ ಎಂಬುದನ್ನೂ ನೋಡಿ. ಹಾಗೆಯೇ ಹಡಗಿನೊಳಗಿನ ಚಲಾವಣೆ ಯಾವುದೆಂದು ಈಗಲೇ ತಿಳಿದುಕೊಳ್ಳಿ: ಮುಂಬೈನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದತ್ತ ಸಾಗುವ ಕಾರ್ಡೆಲಿಯಾದಲ್ಲಿ ರೂಪಾಯಿ, ಮೆಡಿಟರೇನಿಯನ್ ಕಡೆ ಹಲವು ಹಡಗುಗಳಲ್ಲಿ ಯೂರೋ, ಸಿಂಗಾಪುರದಿಂದ ಹೊರಡುವ ಕೆಲವುಗಳಲ್ಲಿ ಸಿಂಗಾಪುರ ಡಾಲರ್, ಉಳಿದ ಬಹುಪಾಲು ಕಡೆ ಅಮೆರಿಕದ ಡಾಲರ್.

ಮೊದಲೇ ಕಟ್ಟುವುದು ಒಳ್ಳೆಯದೋ ಹಡಗಿನಲ್ಲಿ ಕಟ್ಟುವುದು ಒಳ್ಳೆಯದೋ ಎಂದು ಕೇಳುವವರಿಗೆ ನನ್ನ ಸಲಹೆ ಒಂದೇ. ಹಿರಿಯರನ್ನು ಕರೆದುಕೊಂಡು ದೊಡ್ಡ ತಂಡವಾಗಿ ಹೋಗುವವರು ಮೊದಲೇ ಕಟ್ಟಿಬಿಡಲಿ. ಹಡಗಿನೊಳಗೆ ಹನ್ನೆರಡು ಮಂದಿಯ ಲೆಕ್ಕವನ್ನು ಬಿಡಿಸುತ್ತ ಕುಳಿತರೆ ಸಮುದ್ರ ನೋಡುವುದು ಯಾವಾಗ?

ಹಂತ 3: ಕಾರ್ಡನ್ನು ತೆರೆಯಿಸಿ, ಚಿಲ್ಲರೆ ನೋಟು ಮಾಡಿಸಿ

ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚಿನಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ವ್ಯವಹಾರಕ್ಕೆ ಮಾತ್ರ ತೆರೆದಿರುತ್ತವೆ. ವಿದೇಶೀ ಬಳಕೆಯನ್ನು ಕಾರ್ಡಿನ ಒಡೆಯರೇ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ತೆರೆಯಿಸಿಕೊಳ್ಳಬೇಕು, ಮಿತಿಯನ್ನೂ ನಿಗದಿಪಡಿಸಬೇಕು. ಈ ಕೆಲಸ ಮನೆಯಲ್ಲೇ ಮುಗಿಯಬೇಕು, ಏಕೆಂದರೆ ನಡು ಸಮುದ್ರದಲ್ಲಿ ಓಟಿಪಿ ಬರುವ ಸಿಗ್ನಲ್ ಇರುವುದಿಲ್ಲ. ಡೆಬಿಟ್ ಕಾರ್ಡ್ ಕೊಡುವುದನ್ನು ಆದಷ್ಟೂ ತಪ್ಪಿಸಿ. ಹಡಗಿನವರು ಖರ್ಚಿಗೆ ಮುಂಚಿತವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿ ಮಾತ್ರ ಕುಗ್ಗುತ್ತದೆ, ಡೆಬಿಟ್ ಕಾರ್ಡಿನಲ್ಲಾದರೆ ಉಳಿತಾಯ ಖಾತೆಯ ಹಣವೇ ಕಟ್ಟಿಹಾಕಿದಂತಾಗಿ, ಬಿಡುಗಡೆಯಾಗಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಬಹುತೇಕ ಕಾರ್ಡುಗಳು ವಿದೇಶೀ ವ್ಯವಹಾರಕ್ಕೆ ಶೇ. 2ರಿಂದ 3.5ರವರೆಗೆ ಹೆಚ್ಚುವರಿ ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತವೆ ಎಂಬುದು ನಿಮ್ಮ ಲೆಕ್ಕದಲ್ಲಿರಲಿ.

ನೋಟು ಬದಲಾಯಿಸುವಾಗ ಎಲ್ಲರೂ ಮಾಡುವ ತಪ್ಪು, ನೂರರ ಮೂರು ನೋಟು ತೆಗೆದುಕೊಂಡು ಬರುವುದು. ಕ್ಯಾಬಿನ್ ಹುಡುಗನಿಗೆ ನೂರರ ನೋಟು ತೋರಿಸಿ ಎಂಬತ್ತು ವಾಪಸು ಕೇಳಲು ಆಗುವುದಿಲ್ಲ. ಫೋರೆಕ್ಸ್ ಕೌಂಟರಿನಲ್ಲಿ ನಿರ್ದಿಷ್ಟವಾಗಿ ಹೇಳಿ ಒಂದರ, ಐದರ, ಹತ್ತರ ನೋಟುಗಳನ್ನು ಪಡೆಯಿರಿ. ಅವು ಸದಾ ಇರುವುದಿಲ್ಲವಾದ್ದರಿಂದ ಒಂದು ವಾರ ಮೊದಲೇ ತಿಳಿಸಿಡಿ. ನಾಲ್ಕು ರಾತ್ರಿಯ ಪ್ರಯಾಣಕ್ಕೆ, ನಾಲ್ವರ ಕುಟುಂಬಕ್ಕೆ, ಒಂದರ ಇಪ್ಪತ್ತು, ಐದರ ಎಂಟು, ಹತ್ತರ ನಾಲ್ಕು ನೋಟುಗಳು ಅಂದರೆ ಒಟ್ಟು ನೂರು ಡಾಲರ್ ಧಾರಾಳವಾಗಿ ಸಾಕು. ಹರಿದ, ಗೀಚಿದ, ಮಡಿಕೆಯಲ್ಲಿ ಸವೆದ ನೋಟುಗಳನ್ನು ಅಲ್ಲೇ ಹಿಂದಿರುಗಿಸಿ. ಪಡೆದವರ ಊರಿನ ಹಣ ಬದಲಾಯಿಸುವವನು ಅವುಗಳನ್ನು ಮುಟ್ಟಲಿಕ್ಕಿಲ್ಲ.

ವಿದೇಶೀ ಸಿಬ್ಬಂದಿಗೆ ಐನೂರರ ಭಾರತೀಯ ನೋಟು ಕೊಡುವುದು ಮತ್ತೊಂದು ಸಾಮಾನ್ಯ ತಪ್ಪು. ಇಂಡೋನೇಷ್ಯಾದವನಿಗೋ ಪೆರುವಿನವಳಿಗೋ ಅದನ್ನು ಮುರಿಸಲು ದಾರಿಯಿಲ್ಲ. ಯಾವ ದೇಶದ್ದೇ ಆಗಲಿ, ನಾಣ್ಯಗಳೂ ಅಷ್ಟೇ. ಹಣ ಬದಲಾಯಿಸುವವರು ನಾಣ್ಯ ತೆಗೆದುಕೊಳ್ಳುವುದಿಲ್ಲ, ಜೇಬಿನ ಭಾರ ಇಳಿಸಲು ಅವನ್ನು ಸಿಬ್ಬಂದಿಯ ಕೈಗೆ ಸುರಿಯುವುದು ಅವಮಾನವೇ ಸರಿ.

ಹಂತ 4: ಹತ್ತಿದ ದಿನವೇ ನಿಮ್ಮ ಲೆಕ್ಕ ತೆರೆದು ನೋಡಿ

ಹಡಗಿನೊಳಗಿನ ಖರೀದಿಗೆ ನಗದು ನಡೆಯುವುದಿಲ್ಲ. ಕೋಣೆಯ ಬಾಗಿಲು ತೆರೆಯುವ ಕಾರ್ಡೇ ಖರ್ಚಿನ ಕಾರ್ಡೂ ಹೌದು. ಅದಕ್ಕೆ ನಿಮ್ಮ ಕ್ರೆಡಿಟ್ ಕಾರ್ಡನ್ನೋ ಮುಂಗಡ ನಗದನ್ನೋ ಜೋಡಿಸಿರುತ್ತಾರೆ. ಮೊದಲ ಸಂಜೆಯೇ ಹಡಗಿನ ಆ್ಯಪ್‌ನಲ್ಲಿ, ಕೋಣೆಯ ಟಿವಿಯಲ್ಲಿ ಅಥವಾ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ನಿಮ್ಮ ಲೆಕ್ಕವನ್ನು ನೋಡಿ. ಮೊದಲೇ ಟಿಪ್ಸ್ ಕಟ್ಟಿದವರ ಲೆಕ್ಕದಲ್ಲಿ ದಿನದ ಸೇವಾಶುಲ್ಕ ಮತ್ತೆ ಏರಿದ್ದರೆ ಕೂಡಲೇ ಮುದ್ರಿತ ಬಿಲ್ಲನ್ನು ತೋರಿಸಿ ಸರಿಪಡಿಸಿಕೊಳ್ಳಬೇಕು. ಮೊದಲ ಸಂಜೆ ಹತ್ತು ನಿಮಿಷದಲ್ಲಿ ಆಗುವ ಈ ಕೆಲಸ ಕೊನೆಯ ರಾತ್ರಿ ಒಂದೂವರೆ ಗಂಟೆಯ ಸಾಲಾಗುತ್ತದೆ. ಮಕ್ಕಳ ಕಾರ್ಡಿಗೆ ಖರ್ಚಿನ ಅಧಿಕಾರ ಬೇಡವೆಂದು ಹೇಳುವುದಿದ್ದರೂ ಈಗಲೇ ಹೇಳಿ.

ಹಂತ 5: ಸಹಿ ಹಾಕುವ ಮುನ್ನ ಚೀಟಿಯ ಕೆಳಸಾಲು ಓದಿ

ಬಾರ್, ಕಾಫಿ ಕೌಂಟರ್, ಸ್ಪಾ, ಪ್ರತ್ಯೇಕ ಹಣ ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟ್ ಇವುಗಳಲ್ಲಿ ಪ್ರತಿ ಬಿಲ್ಲಿನ ಮೇಲೂ ಸಾಮಾನ್ಯವಾಗಿ ಶೇ. 18 ಅಥವಾ ಶೇ. 20 ಟಿಪ್ಸ್ ತಾನಾಗಿ ಸೇರುತ್ತದೆ. ಇದು ದಿನದ ಸೇವಾಶುಲ್ಕಕ್ಕೆ ಹೊರತಾದದ್ದು. 10 ಡಾಲರಿನ ಪಾನೀಯಕ್ಕೆ ನಿಮ್ಮಿಂದ ಹೋಗುವುದು 11.80 ಅಥವಾ 12 ಡಾಲರ್. ಚೀಟಿಯನ್ನು ಸಹಿಗೆ ತಂದಾಗ ಅದರ ಕೆಳಗೆ ‘ಹೆಚ್ಚುವರಿ ಟಿಪ್ಸ್’ ಎಂಬ ಖಾಲಿ ಗೆರೆಯೊಂದು ಇರುತ್ತದೆ. ಖಾಲಿ ಜಾಗ ಕಂಡರೆ ತುಂಬಲೇಬೇಕೆಂಬ ಸಂಕೋಚ ನಮ್ಮಲ್ಲಿ ಬೇರೂರಿದೆ. ಹೀಗಾಗಿ ಮೂರು ಡಾಲರ್, ಐದು ಡಾಲರ್ ಎಂದು ಪ್ರತಿ ಚೀಟಿಯಲ್ಲೂ ಬರೆದು ನಾಲ್ಕು ದಿನಕ್ಕೆ ಅರುವತ್ತು ಡಾಲರ್ ಎರಡನೆಯ ಬಾರಿ ಕೊಟ್ಟು ಬಂದವರ ಚೀಟಿಗಳ ಕಟ್ಟನ್ನೇ ನಾನು ನೋಡಿದ್ದೇನೆ. ಆ ಗೆರೆಯ ಮೇಲೆ ಅಡ್ಡಗೀಟು ಎಳೆದು, ಒಟ್ಟು ಮೊತ್ತವನ್ನು ನೀವೇ ಬರೆದು ಸಹಿ ಹಾಕಿ. ಅದರಿಂದ ಯಾರಿಗೂ ಬೇಸರವಾಗುವುದಿಲ್ಲ, ಅದು ಅಲ್ಲಿ ದಿನನಿತ್ಯದ ಸಂಗತಿ.

ಪಾನೀಯಗಳ ಪ್ಯಾಕೇಜ್ ಕೊಂಡವರು ಪ್ಯಾಕೇಜಿನ ಬೆಲೆಯೊಂದಿಗೇ ಆ ಶೇಕಡಾವಾರು ಮೊತ್ತವನ್ನೂ ಕಟ್ಟಿರುತ್ತಾರೆ. ಅವರು ಪ್ರತಿ ಲೋಟಕ್ಕೂ ಮತ್ತೆ ಕೊಡುವ ಅಗತ್ಯವಿಲ್ಲ.

ಇನ್ನೊಂದು ಮಾತು. ನಮ್ಮ ದೇಶದ ಹೋಟೆಲುಗಳು ಬಿಲ್ಲಿಗೆ ತಾವಾಗಿ ಸೇವಾಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪತ್ರಿಕೆ ಓದುವ ನಮ್ಮವರು ಈ ಮಾತನ್ನು ಸಿಂಗಾಪುರದಿಂದ ಹೊರಟ, ಬೇರೊಂದು ದೇಶದ ಧ್ವಜ ಹಾರಿಸುವ ಹಡಗಿನಲ್ಲಿ ಎತ್ತುತ್ತಾರೆ. ಅಲ್ಲಿ ನಡೆಯುವುದು ನೀವು ಟಿಕೆಟ್ ಕೊಳ್ಳುವಾಗ ಒಪ್ಪಿದ ಷರತ್ತುಗಳು, ನಮ್ಮ ಮಾರ್ಗಸೂಚಿಯಲ್ಲ.

ಹಂತ 6: ಹೆಚ್ಚುವರಿ ಯಾರಿಗೆ, ಎಷ್ಟು ಎಂದು ತೀರ್ಮಾನಿಸಿ

ಇಲ್ಲಿಯವರೆಗೆ ನಡೆದದ್ದು ಕಡ್ಡಾಯದ ಅಥವಾ ಬಹುತೇಕ ಕಡ್ಡಾಯದ ಭಾಗ. ದಿನದ ಸೇವಾಶುಲ್ಕ ಕ್ಯಾಬಿನ್ ನೋಡಿಕೊಳ್ಳುವವರು, ಮುಖ್ಯ ಊಟದ ಕೋಣೆಯ ವೇಟರ್ ಮತ್ತು ಅವರ ಸಹಾಯಕರು, ಹಾಗೂ ಕಣ್ಣಿಗೆ ಬೀಳದೆ ದುಡಿಯುವ ಹಲವರ ನಡುವೆ ಹಂಚಿಕೆಯಾಗುತ್ತದೆ. ಅದರ ಮೇಲೆ ಕೊಡುವುದು ಸಂಪೂರ್ಣ ನಿಮ್ಮ ಇಚ್ಛೆ. ಏನೂ ಕೊಡದೆ ನಗುಮುಖದಿಂದ ಧನ್ಯವಾದ ಹೇಳಿ ಇಳಿದರೂ ತಪ್ಪಿಲ್ಲ. ಕೊಡಬೇಕೆನಿಸಿದರೆ ಈ ಕೆಳಗಿನ ಅಳತೆಗಳು ರೂಢಿಗೆ ಹತ್ತಿರವಾಗಿವೆ.

ಕ್ಯಾಬಿನ್ ನೋಡಿಕೊಳ್ಳುವವರಿಗೆ ನಾಲ್ಕು ರಾತ್ರಿಯ ಪ್ರಯಾಣಕ್ಕೆ ಒಂದು ಕೋಣೆಯಿಂದ 10ರಿಂದ 20 ಡಾಲರ್. ನಾಲ್ವರು ಒಂದೇ ಕೋಣೆಯಲ್ಲಿದ್ದು, ಮೇಲಿನ ಮಂಚವನ್ನು ರಾತ್ರಿ ಇಳಿಸಿ ಬೆಳಗ್ಗೆ ಏರಿಸಿ, ಮಕ್ಕಳು ಚೆಲ್ಲಿದ್ದನ್ನೆಲ್ಲ ಒರೆಸಿದವರಿಗೆ 20 ಡಾಲರೇ ನ್ಯಾಯ. ಇದರಲ್ಲಿ ಅರ್ಧವನ್ನು ಮೊದಲ ಅಥವಾ ಎರಡನೆಯ ದಿನವೇ ಕೊಡುವುದು ನನ್ನ ಪದ್ಧತಿ. ಲಂಚವೆಂದು ಮೂಗು ಮುರಿಯುವವರಿದ್ದಾರೆ, ಆದರೆ ಮುಖ ಪರಿಚಯವಾಗಿ, ಹೆಸರು ತಿಳಿದು, ಬೇಕಾದ ಹೆಚ್ಚಿನ ದಿಂಬನ್ನು ಸಂಕೋಚವಿಲ್ಲದೆ ಕೇಳಲು ಅದರಿಂದ ದಾರಿಯಾಗುತ್ತದೆ.

ಊಟದ ಕೋಣೆಯಲ್ಲಿ ಪ್ರತಿ ರಾತ್ರಿ ಒಂದೇ ಮೇಜು, ಅದೇ ವೇಟರ್ ಇದ್ದರೆ ಅವರಿಗೆ 10, ಸಹಾಯಕರಿಗೆ 5 ಡಾಲರ್. ನಮ್ಮ ಕಡೆಯವರ ವಿಷಯದಲ್ಲಿ ಇದು ವಿಶೇಷವಾಗಿ ಸಲ್ಲುತ್ತದೆ, ಏಕೆಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ಜೈನ ಊಟ, ಶನಿವಾರದ ಒಪ್ಪೊತ್ತು, ಅತ್ತೆಗೆ ಬರೇ ಮೊಸರನ್ನ ಎಂದು ಒಂದೇ ಮೇಜಿನಿಂದ ನಾಲ್ಕು ಬಗೆಯ ಬೇಡಿಕೆ ಹೋಗುತ್ತದೆ. ಹೀಗೆ ಅಡುಗೆಮನೆಗೆ ಎರಡೆರಡು ಬಾರಿ ಓಡಿದವರನ್ನು ಗುರುತಿಸಿ ಕೊಡಿ. ದಿನಕ್ಕೊಂದು ಮೇಜು ಹಿಡಿಯುವ ಪದ್ಧತಿಯ ಹಡಗಾದರೆ, ಅಥವಾ ಬಫೆಯಲ್ಲೇ ಉಂಡರೆ, ಪ್ರತ್ಯೇಕ ಟಿಪ್ಸಿನ ಅಗತ್ಯ ಬೀಳುವುದಿಲ್ಲ.

ಕೋಣೆಗೆ ತಿಂಡಿ ತಂದುಕೊಟ್ಟವರಿಗೆ ಪ್ರತಿ ಸಲ 2ರಿಂದ 5 ಡಾಲರ್, ಬಾಗಿಲಲ್ಲೇ, ನಗದಾಗಿ. ಸ್ವೀಟ್ ಕೋಣೆಯವರ ಸೇವೆಗೆಂದೇ ಇರುವ ಬಟ್ಲರ್ ಸೇವಾಶುಲ್ಕದ ಹಂಚಿಕೆಯಲ್ಲಿ ಸೇರಿದ್ದಾರೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕೌಂಟರಿನಲ್ಲಿ ವಿಚಾರಿಸಿ ತೀರ್ಮಾನಿಸಿ. ಕ್ಯಾಪ್ಟನ್, ಅಧಿಕಾರಿಗಳು, ವೈದ್ಯರು, ದಾದಿಯರಿಗೆ ಹಣ ಕೊಡಲೇಬಾರದು. ಬಿಳಿ ಸಮವಸ್ತ್ರದ ಅಧಿಕಾರಿಯ ಕೈಗೆ ಲಕೋಟೆ ತುರುಕುವುದು ನಮ್ಮಲ್ಲಿ ಡಾಕ್ಟರರಿಗೆ ಟಿಪ್ಸ್ ಕೊಟ್ಟ ಹಾಗೆ.

ಕೊಡುವ ರೀತಿಯೂ ಮುಖ್ಯ. ಬಲಗೈಯಿಂದ, ಮುಖ ನೋಡಿ, ಹೆಸರು ಹಿಡಿದು ಕೊಡಿ. ದಿಂಬಿನ ಮೇಲೆ ಬಿಟ್ಟ ನೋಟನ್ನು, ಅದು ನಿಮ್ಮ ಮರೆವಿನದ್ದೋ ಕೊಟ್ಟದ್ದೋ ತಿಳಿಯದೆ, ಪ್ರಾಮಾಣಿಕ ಸಿಬ್ಬಂದಿ ಮುಟ್ಟುವುದಿಲ್ಲ. ಬಿಡಲೇಬೇಕಾದರೆ ಲಕೋಟೆಯ ಮೇಲೆ ಅವರ ಹೆಸರು ಬರೆದಿಡಿ. ಹಣದ ಬದಲು ಮನೆಯ ಕೋಡುಬಳೆ, ಪತ್ರೊಡೆ ಕೊಡುವ ಯೋಚನೆ ಬೇಡ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹತ್ತುವ ಬಾಗಿಲಲ್ಲೇ ತಡೆಯುವ ಹಡಗುಗಳೇ ಹೆಚ್ಚು.

ಊರಿನವರು ಸಿಕ್ಕಾಗ

ಶಿಪ್ಪಿನ ಕೆಲಸಕ್ಕೆ ಹೋದವರು ನಮ್ಮ ಕರಾವಳಿಯ ಪೇಟೆ ಪೇಟೆಯಲ್ಲೂ ಇರುವುದರಿಂದ, ನಿಮ್ಮ ಮೇಜಿಗೆ ಬಂದ ಹುಡುಗನ ಎದೆಯ ಬಿಲ್ಲೆಯಲ್ಲಿ ಪರಿಚಿತ ಅಡ್ಡಹೆಸರು ಕಂಡು, ‘ಈರೆನ ಊರು ಓಲು?’ (ನಿಮ್ಮ ಊರು ಎಲ್ಲಿ?) ಎಂದು ತುಳುವಿನಲ್ಲಿ ಕೇಳುವ ಸಂದರ್ಭ ಬಂದೇ ಬರುತ್ತದೆ. ಸಂತೋಷದ ಸಂಗತಿ, ಆದರೆ ಇಲ್ಲಿ ಮೂರು ತಪ್ಪುಗಳಾಗುತ್ತವೆ. ಊರಿನವನೆಂಬ ಸಲುಗೆಯಿಂದ ಉಚಿತ ಪಾನೀಯ, ಕಿಟಕಿ ಪಕ್ಕದ ಮೇಜು ಎಂದು ಅವನ ಕೈಮೀರಿದ್ದನ್ನು ಕೇಳುವುದು ಒಂದು. ಅವನೊಬ್ಬನಿಗೇ ಎಲ್ಲರೆದುರು ಐವತ್ತು ಡಾಲರ್ ಕೊಟ್ಟು, ಜೊತೆಯಲ್ಲೇ ದುಡಿದ ಬೇರೆ ದೇಶದ ಸಹಾಯಕನನ್ನು ಕಾಣದಂತೆ ಎದ್ದುಹೋಗುವುದು ಇನ್ನೊಂದು. ಅದರ ಇರಿಸುಮುರಿಸು ಉಳಿದ ತಿಂಗಳುಗಳೆಲ್ಲ ಅವನ ಪಾಲಿಗೆ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಮನೆಗೆ ತಲುಪಿಸೆಂದು ಕಟ್ಟು ಕೊಡುವುದು, ಅವನಿಂದ ಪಡೆಯುವುದು. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಅವನ ಕೆಲಸಕ್ಕೇ ಸಂಚಕಾರ. ಅವನ ಮನೆಯವರಿಗೆ ಕ್ಷೇಮಸಮಾಚಾರ ಮುಟ್ಟಿಸುವೆನೆಂದು ಹೇಳಿ ನಾಲ್ಕು ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಆಡಿದರೆ ಅದರ ಬೆಲೆ ಅವನಿಗೆ ಗೊತ್ತು.

ಹಂತ 7: ದಡಕ್ಕಿಳಿದಾಗ ಆಯಾ ನಾಡಿನ ರೂಢಿ ಅನುಸರಿಸಿ

ನೀವು ಹಡಗಿನಲ್ಲಿ ಕಟ್ಟಿದ ಟಿಪ್ಸಿನಲ್ಲಿ ದಡದ ಗೈಡ್ ಮತ್ತು ಚಾಲಕರ ಪಾಲು ಇರುವುದಿಲ್ಲ. ಬಸ್ಸಿನ ಪ್ರವಾಸಕ್ಕೆ ಒಬ್ಬೊಬ್ಬರು ಗೈಡಿಗೆ 2ರಿಂದ 5 ಡಾಲರ್, ಚಾಲಕರಿಗೆ 1ರಿಂದ 2 ಡಾಲರ್ ಕೊಡುವುದು ಅಮೆರಿಕ, ಕೆರಿಬಿಯನ್ ಕಡೆಯ ರೂಢಿ. ಜಪಾನಿನಲ್ಲಿ ಟಿಪ್ಸ್ ಕೊಟ್ಟರೆ ಮುಜುಗರಪಡುತ್ತಾರೆ, ಹಿಂದಿರುಗಿಸಲು ನಿಮ್ಮ ಹಿಂದೆ ಓಡಿಯೂ ಬರುತ್ತಾರೆ, ಕೊಡಬೇಡಿ. ಸಿಂಗಾಪುರದಲ್ಲಿ ರೂಢಿಯಿಲ್ಲ, ರೆಸ್ಟೋರೆಂಟುಗಳ ಬಿಲ್ಲಿನಲ್ಲಿ ಶೇ. 10 ಸೇವಾಶುಲ್ಕ ಸಾಮಾನ್ಯವಾಗಿ ಸೇರಿರುತ್ತದೆ. ಯುರೋಪಿನಲ್ಲಿ ಬಿಲ್ಲನ್ನು ಮುಂದಿನ ಪೂರ್ಣಾಂಕಕ್ಕೆ ಏರಿಸಿ ಕೊಟ್ಟರೆ ಸಾಕು.

ಕೊಡುವ ಸಮಯ ಬಸ್ಸು ಹಡಗಿನ ಬಳಿ ಮರಳಿ ನಿಂತಾಗ. ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಇಳಿದು ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಹಿಂದಿರುಗುವ ವಿದೇಶೀಯರೂ ಮಾಡುವುದು ಹಾಗೆಯೇ. ಬಸ್ಸಿನ ಮೆಟ್ಟಿಲು ಇಳಿಯುತ್ತ, ಗೈಡಿನ ಕೈಕುಲುಕುವಾಗ ಮಡಚಿದ ನೋಟನ್ನು ಸದ್ದಿಲ್ಲದೆ ದಾಟಿಸುತ್ತಾರೆ. ದಡದ ಅಂಗಡಿ, ಹೋಟೆಲುಗಳಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲಿ ವಸೂಲು ಮಾಡಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಿ, ಅಲ್ಲಿನ ಹಣವನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ನಿಮಗೆ ನಷ್ಟ.

ಹಂತ 8: ಕೊನೆಯ ಸಂಜೆಯ ಮೂರು ಕೆಲಸ

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಪಟ್ಟಿ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ, ಅವು ನಿಮಗೆ ಮತ್ತೆ ಸಿಗುವುದು ಮರುದಿನ ಬಂದರಿನ ಕಟ್ಟಡದಲ್ಲಿ. ಲಕೋಟೆ, ಡಾಲರ್, ಬಿಲ್ಲಿನ ಪ್ರತಿ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಹಾಕಿ ಹೊರಗಿಟ್ಟು, ಬೆಳಗ್ಗೆ ಕ್ಯಾಬಿನ್ ಹುಡುಗನೆದುರು ಬರಿಗೈಯಲ್ಲಿ ನಿಂತವರು ಒಬ್ಬಿಬ್ಬರಲ್ಲ. ಆದ್ದರಿಂದ ಮೊದಲು ಲಕೋಟೆ ತುಂಬಿಸಿ ಕೈಚೀಲದಲ್ಲಿಡಿ, ಅನಂತರ ಪೆಟ್ಟಿಗೆ ಮುಚ್ಚಿ.

ಊಟದ ಕೋಣೆಯವರಿಗೆ ಕೊನೆಯ ರಾತ್ರಿಯ ಊಟ ಮುಗಿದಾಗ, ಕ್ಯಾಬಿನ್ನಿನವರಿಗೆ ಅದೇ ಸಂಜೆ ಹಾಸಿಗೆ ಸರಿಪಡಿಸಲು ಬಂದಾಗ ಕೊಟ್ಟುಬಿಡಿ. ಇಳಿಯುವ ಬೆಳಗ್ಗೆ ಅವರು ಮುಂದಿನ ಪ್ರಯಾಣಿಕರಿಗಾಗಿ ಹತ್ತಾರು ಕೋಣೆ ಸಿದ್ಧಪಡಿಸುವ ಗಡಿಬಿಡಿಯಲ್ಲಿರುತ್ತಾರೆ, ಹುಡುಕಿದರೂ ಸಿಗರು.

ಆ ಬಳಿಕ ಒಟ್ಟು ಲೆಕ್ಕವನ್ನು ಸಾಲು ಸಾಲಾಗಿ ಓದಿ. ದಿನದ ಸೇವಾಶುಲ್ಕ ತಲೆ ಎಷ್ಟು, ದಿನ ಎಷ್ಟು ಎಂದು ಹಂತ 2ರ ನಿಮ್ಮ ಅಂಕಿಯೊಂದಿಗೆ ತಾಳೆ ನೋಡಿ. ಬಾರಿನ ಚೀಟಿಗಳ ಮೊತ್ತವನ್ನು ಪುಸ್ತಕದಲ್ಲಿ ಬರೆದಿಟ್ಟದ್ದರೊಂದಿಗೆ ಹೊಂದಿಸಿ. ತಪ್ಪಿದ್ದರೆ ಅದೇ ರಾತ್ರಿ ಕೌಂಟರಿಗೆ ಹೋಗಬೇಕು, ಊಟದ ಹೊತ್ತಿನಲ್ಲಿ ಸಾಲು ಚಿಕ್ಕದಿರುತ್ತದೆ.

ಸೇವಾಶುಲ್ಕವನ್ನು ತೆಗೆಸಬಹುದೇ?

ಹಲವು ಕಂಪನಿಗಳಲ್ಲಿ, ಇಳಿಯುವ ಮೊದಲು ಕೌಂಟರಿನಲ್ಲಿ ಕೇಳಿದರೆ ದಿನದ ಸೇವಾಶುಲ್ಕವನ್ನು ಇಳಿಸುತ್ತಾರೆ ಅಥವಾ ತೆಗೆಯುತ್ತಾರೆ. ಸಾಧ್ಯವಿದೆ ಎಂದ ಮಾತ್ರಕ್ಕೆ ಅದು ಸರಿಯಾದ ದಾರಿಯಲ್ಲ. ಎಲ್ಲವನ್ನೂ ತೆಗೆಸಿ ನಾವೇ ಕೈಯಾರೆ ಕೊಡುತ್ತೇವೆ ಎನ್ನುವವರ ಲೆಕ್ಕಾಚಾರದಲ್ಲಿ ಎರಡು ದೋಷಗಳಿವೆ. ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು, ಬಫೆಯ ಮೇಜು ಒರೆಸುವವರು ನಿಮ್ಮ ಲಕೋಟೆಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಅಲ್ಲದೆ ಸೇವಾಶುಲ್ಕ ತೆಗೆಸಿದ ಕೋಣೆಯಿಂದ ಬಂದ ನಗದನ್ನು ಸಿಬ್ಬಂದಿ ಸಾಮೂಹಿಕ ನಿಧಿಗೆ ಒಪ್ಪಿಸಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ನೀವು ಅವನಿಗೆಂದೇ ಕೊಟ್ಟದ್ದು ಅವನಲ್ಲಿ ಉಳಿಯುವುದಿಲ್ಲ. ಸೇವೆಯಲ್ಲಿ ನಿಜವಾದ ಕೊರತೆಯಿದ್ದರೆ ಎರಡನೆಯ ದಿನವೇ ದೂರು ಕೊಡಿ, ಸರಿಪಡಿಸಲು ಅವರಿಗೆ ಅವಕಾಶವಿರಲಿ. ಇಡೀ ಪ್ರಯಾಣ ಸುಮ್ಮನಿದ್ದು ಕೊನೆಯ ರಾತ್ರಿ ಬಾಯಿ ತೆರೆದರೆ, ಹಣ ಉಳಿಸುವ ಉಪಾಯವೆಂದೇ ಎಲ್ಲರೂ ತಿಳಿಯುತ್ತಾರೆ, ಮತ್ತು ಹೆಚ್ಚಿನ ಸಲ ಅದು ನಿಜವೂ ಹೌದು.

ಎಚ್ಚರಿಕೆಯ ಸೂಚನೆಗಳು

ಸಿಬ್ಬಂದಿಯೇ ಬಾಯಿಬಿಟ್ಟು ಟಿಪ್ಸ್ ಕೇಳಿದರೆ, ಅಥವಾ ಶುಲ್ಕ ತೆಗೆಸಿ ಅರ್ಧ ನನಗೆ ಕೊಡಿ ಎಂದು ಪಿಸುಗುಟ್ಟಿದರೆ ಎಚ್ಚರಗೊಳ್ಳಿ, ಅದು ಹಡಗಿನ ಶಿಸ್ತಿಗೆ ವಿರುದ್ಧವಾದ ನಡೆ. ನಯವಾಗಿ ಇಲ್ಲವೆಂದು ತಲೆಯಾಡಿಸಿ ಮುಂದೆ ಸಾಗಿ. ಏಜೆಂಟರು ಟಿಪ್ಸ್ ಎಂದು ಹೇಳಿ ರೂಪಾಯಿಯಲ್ಲಿ ನಗದು ಪಡೆದು ಕಂಪನಿಯ ರಸೀದಿ ಕೊಡದಿದ್ದರೆ ಆ ಹಣ ಹಡಗನ್ನು ತಲುಪಿಲ್ಲವೆಂದೇ ತಿಳಿದು ಹೊರಡುವ ಮೊದಲು ವಿಚಾರಿಸಿ. ತಂಡದ ಮುಂದಾಳು ಎಲ್ಲರಿಂದ ಟಿಪ್ಸ್ ಸಂಗ್ರಹಿಸುತ್ತಿದ್ದರೆ ಅದು ಯಾರಿಗೆ, ಹಡಗಿನವರಿಗೋ ದಡದ ಗೈಡಿಗೋ ತಮಗೋ ಎಂದು ಕೇಳಲು ನಾಚಿಕೆ ಬೇಡ. ಲೆಕ್ಕದಲ್ಲಿ ಒಂದೇ ದಿನಾಂಕದ ಕೆಳಗೆ ಒಂದೇ ಮೊತ್ತ ಎರಡು ಸಲ ಕಂಡರೆ ಅದನ್ನು ಗುರುತು ಮಾಡಿಕೊಳ್ಳಿ.

ಹಂತ 9: ಊರಿಗೆ ಮರಳಿದ ಮೇಲೆ

ಇಳಿದ ಕೆಲವು ದಿನಗಳಲ್ಲಿ ಕಂಪನಿಯಿಂದ ಇಮೇಲ್‌ನಲ್ಲಿ ಅಭಿಪ್ರಾಯ ಪತ್ರ ಬರುತ್ತದೆ. ಬಹುತೇಕರು ಅದನ್ನು ಜಾಹೀರಾತೆಂದು ಅಳಿಸಿಹಾಕುತ್ತಾರೆ. ಚೆನ್ನಾಗಿ ನೋಡಿಕೊಂಡವರ ಹೆಸರು, ಕೆಲಸದ ವಿಭಾಗ, ನಿಮ್ಮ ಕೋಣೆಯ ಅಥವಾ ಮೇಜಿನ ಸಂಖ್ಯೆ ಇವನ್ನು ಅದರಲ್ಲಿ ನಮೂದಿಸಿದರೆ ಅದು ಅವರ ಮೇಲಧಿಕಾರಿಯನ್ನು ತಲುಪುತ್ತದೆ. ಮುಂದಿನ ಒಪ್ಪಂದಕ್ಕೂ ಬಡ್ತಿಗೂ ಇಂಥ ಮಾತು ಉಪಯೋಗಕ್ಕೆ ಬರುತ್ತದೆ. ಇದಕ್ಕೆಂದೇ ಹಡಗಿನಲ್ಲಿರುವಾಗ ಹೆಸರುಗಳನ್ನು ಸರಿಯಾದ ಕಾಗುಣಿತದೊಂದಿಗೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, ಎದೆಯ ಬಿಲ್ಲೆ ನೋಡಿ.

ಕಾರ್ಡಿನ ತಿಂಗಳ ಲೆಕ್ಕಪತ್ರ ಬಂದಾಗ ಹಡಗಿನ ಕೊನೆಯ ಬಿಲ್ಲಿನೊಂದಿಗೆ ಹೊಂದಿಸಿ ನೋಡಿ. ತಡೆಹಿಡಿದ ಮೊತ್ತ ಇನ್ನೂ ಬಿಡುಗಡೆಯಾಗದಿದ್ದರೆ ಬ್ಯಾಂಕಿಗೂ, ಇಳಿದ ಮೇಲೆ ಹೊಸ ಖರ್ಚು ಏರಿದ್ದರೆ ಹಡಗಿನ ಕಂಪನಿಗೂ ಬಿಲ್ಲಿನ ಪ್ರತಿಯೊಂದಿಗೆ ಬರೆಯಿರಿ. ಉಳಿದ ಒಂದರ, ಐದರ ನೋಟುಗಳನ್ನು ನಷ್ಟದ ದರಕ್ಕೆ ಮರಳಿ ಮಾರುವ ಅವಸರ ಬೇಡ. 2,000 ಡಾಲರಿನವರೆಗೆ ವಿದೇಶೀ ನೋಟುಗಳನ್ನು ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಖಾಲಿ ಉಳಿದ ಲಕೋಟೆಯೊಂದರಲ್ಲಿ ಹಾಕಿ ಪಾಸ್‌ಪೋರ್ಟಿನ ಜೊತೆ ಕಪಾಟಿನಲ್ಲಿಡಿ.